ಆರ್ಗನ್ನಮ್ಮನ ನಲವತ್ತೊಂಬತ್ತು ಸೆಕೆಂಡು

ನನ್ನ ಅತ್ತೆಗೆ, ಎಂದರೆ ಹೆಂಡತಿಯ ತಾಯಿಗೆ, ಕೂತಲ್ಲಿ ಕೂರುವುದು ಗೊತ್ತಿರಲಿಲ್ಲ. ಊಟಕ್ಕೆ ಕೂತರೆ ಎರಡು ತುತ್ತು ತಿಂದು ಎದ್ದು, ನಲ್ಲಿ ಸರಿಯಾಗಿ ನಿಂತಿದೆಯೋ ಇಲ್ಲವೋ ನೋಡಿ ಬರುವರು. ಬಂದು ಕೂತು ಮತ್ತೆರಡು ತುತ್ತು ತಿಂದು ಬಾಗಿಲ ಚಿಲಕ ನೋಡಲು ಹೋಗುವರು. ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ನಿಂತೇ ಬರುವರು. "ನಿಮ್ಮಮ್ಮನ ಕಾಲಿಗೆ ಯಾರೋ ಚಕ್ರ ಕಟ್ಟಿದ್ದಾರೆ" ಎಂದು ನಾನು ಹೆಂಡತಿಗೆ ಹೇಳಿದರೆ ಅವಳು, "ಅವರೇ ನಿಮ್ಮ ಬಾಯಿಗೂ ಒಂದು ಕಟ್ಟಿದ್ದಾರೆ" ಎನ್ನುವಳು. ಇಂಥ ಹೆಂಗಸು ದಿನಕ್ಕೆ ಹದಿನೈದು ನಿಮಿಷ ಮಾತ್ರ ಅಲುಗಾಡದೆ ಕೂರುತ್ತಿದ್ದರು. ಮಧ್ಯಾಹ್ನ ಮೂರೂವರೆಯಿಂದ ಮೂರೂಮುಕ್ಕಾಲರವರೆಗೆ, ಟೀವಿ ಸ್ಟುಡಿಯೋದ ಮೂಲೆಯಲ್ಲಿ, ಆರ್ಗನ್ ಮುಂದೆ.

ಆ ಕಾಲದ ಧಾರಾವಾಹಿಯ ಕಷ್ಟ ಈಗಿನವರಿಗೆ ಗೊತ್ತಾಗುವುದಿಲ್ಲ. ಮೊದಲೇ ತೆಗೆದಿಟ್ಟುಕೊಂಡು ಆಮೇಲೆ ತೋರಿಸುವ ಅನುಕೂಲ ಆಗ ಇರಲಿಲ್ಲ. ನಟರು ಇಲ್ಲಿ ಅತ್ತರೆ ಆ ಗಳಿಗೆಯಲ್ಲೇ ಮನೆಮನೆಯ ಪೆಟ್ಟಿಗೆಯಲ್ಲಿ ಅಳು ಕಾಣುತ್ತಿತ್ತು. ಮಾತು ಮರೆತರೆ ಮರೆತದ್ದೂ ಕಾಣುತ್ತಿತ್ತು. ನಮ್ಮ ಧಾರಾವಾಹಿಯಲ್ಲಿ ಒಂದು ದೊಡ್ಡ ಮನೆ, ಅದರೊಳಗೆ ಮೂವರು ಸೊಸೆಯರು, ಮತ್ತು ಕಳೆದುಹೋದ ಒಂದು ಉಯಿಲು. ಆರು ವರ್ಷ ಹುಡುಕಿದರೂ ಆ ಉಯಿಲು ಸಿಕ್ಕಿರಲಿಲ್ಲ. ಸಿಕ್ಕಿದ್ದರೆ ನಮ್ಮೆಲ್ಲರ ಕೆಲಸ ಹೋಗುತ್ತಿತ್ತು ಬಿಡಿ. ನಾನು ಅಲ್ಲಿ ಕ್ಯಾಮೆರಾದ ಹಿಂದೆ ಕೇಬಲ್ ಎಳೆಯುವವನು. ಹಾವಿನ ಗಾತ್ರದ ಆ ಕೇಬಲ್ಲು ಯಾರ ಕಾಲಿಗೂ ತೊಡರದಂತೆ ನೋಡಿಕೊಳ್ಳುವುದು ನನ್ನ ಉದ್ಯೋಗ.

ಸಂಗೀತವನ್ನೂ ಆಗಲೇ, ಅಲ್ಲೇ ನುಡಿಸಬೇಕು. ನಾಲ್ಕಾರು ವಾದ್ಯದವರನ್ನು ಕೂರಿಸಲು ಜಾಗವಿಲ್ಲ. ಹಾಗಾಗಿ ಒಂದು ಆರ್ಗನ್, ಒಬ್ಬ ಆರ್ಗನ್ನಮ್ಮ. ಸ್ಟುಡಿಯೋದಲ್ಲಿ ಅತ್ತೆಯನ್ನು ಎಲ್ಲರೂ ಕರೆಯುತ್ತಿದ್ದದ್ದು ಹಾಗೆ. ಬಾಗಿಲು ತೆರೆದರೆ ಒಂದು ಗುಂಯ್, ಯಾರದೋ ಗುಟ್ಟು ಹೊರಬಿದ್ದರೆ ಒಂದು ಧಡಂ. ಇವೆಲ್ಲ ಯಾರು ಬೇಕಾದರೂ ಮಾಡಬಹುದಾದ ಕೆಲಸ. ಅತ್ತೆಯ ಕೈಚಳಕ ಇದ್ದದ್ದು ಕೊನೆಯ ಟ್ಯೂನಿನಲ್ಲಿ. ಕೆಳಗಿನಿಂದ ಮೆಲ್ಲಗೆ ಶುರುವಾಗಿ ಮೂರು ಮೆಟ್ಟಿಲು ಹತ್ತುತ್ತದೆ. ಇನ್ನೇನು ಇಳಿದು ಮುಗಿಯಿತು ಎನ್ನುವಾಗ ಒಂದು ತಿರುವು ತೆಗೆದುಕೊಂಡು ಮೇಲಿನ ಸ್ವರವೊಂದನ್ನು ಮುಟ್ಟುತ್ತದೆ, ಹೊಸ್ತಿಲು ದಾಟಿದವರು ಒಮ್ಮೆ ತಿರುಗಿ ನೋಡಿದ ಹಾಗೆ. ಆಮೇಲೆ ಇಳಿಯುತ್ತದೆ. ಆ ತಿರುವು ಬಂದಾಗ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಕೈ ನಿಲ್ಲಿಸುತ್ತಿದ್ದರಂತೆ. ಕಾಗದ ಬರೆದು ತಿಳಿಸುತ್ತಿದ್ದರು.

ಈ ಟ್ಯೂನಿಗೆ ಇಷ್ಟೇ ಹೊತ್ತು ಎಂಬ ಲೆಕ್ಕವಿರಲಿಲ್ಲ. ಮೂರೂಮುಕ್ಕಾಲಿಗೆ ಸರಿಯಾಗಿ ಸೋಪಿನ ಜಾಹೀರಾತು ಬರುತ್ತದೆ. ಅದು ಬೇರೆ ಕಟ್ಟಡದಿಂದ ಹೊರಡುವಂಥದ್ದು, ಯಾರಿಗೂ ಕಾಯುವುದಿಲ್ಲ. ನಾಟಕ ಬೇಗ ಮುಗಿದರೆ ಒಂದು ನಿಮಿಷ ಉಳಿಯಿತು, ತಡವಾದರೆ ಅರ್ಧ ನಿಮಿಷ. ಉಳಿದ ಹೊತ್ತು ಎಷ್ಟೋ ಅಷ್ಟರಲ್ಲಿ ಅತ್ತೆ ಟ್ಯೂನನ್ನು ಎಳೆದೋ ಮಡಿಸಿಯೋ ತುಂಬುವರು. ಸೋಪಿನವರ ಮೊದಲ ಮಾತಿಗೆ ಇವರ ಕೊನೆಯ ಸ್ವರ ತಾಗಿಕೊಂಡಿರುತ್ತಿತ್ತು, ನಡುವೆ ಕೂದಲೂ ತೂರುತ್ತಿರಲಿಲ್ಲ.

ತಡ ಮಾಡುವವಳು ಒಬ್ಬಳೇ, ದೊಡ್ಡಸೊಸೆಯ ಪಾತ್ರದವಳು. ಅವಳನ್ನು ಹೊರಗೂ ಎಲ್ಲರೂ ದೊಡ್ಡಸೊಸೆ ಎಂದೇ ಕರೆಯುವುದು. ದಿನದ ಕೊನೆಯ ಮಾತು ಅವಳದೇ. ಆ ಮಾತಿಗೆ ಮುಂಚೆ ಸುಮ್ಮನೆ ನಿಲ್ಲುವಳು. ಎಷ್ಟು ಹೊತ್ತು ಎಂದು ಬ್ರಹ್ಮನಿಗೂ ಗೊತ್ತಿಲ್ಲ. ಅತ್ತೆ ಗಡಿಯಾರ ನೋಡುತ್ತಿರಲಿಲ್ಲ, ಸೆಟ್ಟಿನ ಹಲಗೆಯ ಸಂದಿನಿಂದ ಅವಳ ಮುಖ ನೋಡುತ್ತಿದ್ದರು. ಆ ಮುಖದಲ್ಲಿ ಕಣ್ಣೀರು ತುಂಬಿದ್ದು ಕಂಡರೆ ಬೆರಳು ಆರ್ಗನ್ನಿನ ಪಟ್ಟಿಗಳ ಮೇಲೆ ಇಳಿಯಿತೆಂದೇ ಅರ್ಥ. ಇಷ್ಟಾದರೂ ಆರು ವರ್ಷದಲ್ಲಿ ಇವರಿಬ್ಬರೂ ಹತ್ತು ಮಾತು ಆಡಿರಲಿಲ್ಲ. "ಪೆಟ್ಟಿಗೆ ನುಡಿಸೋರಿಗೆಲ್ಲ ನಮಸ್ಕಾರ ಹೇಳ್ತಾ ಹೋದ್ರೆ ನನ್ನ ಮೇಕಪ್ ಕರಗಿಹೋಗುತ್ತೆ" ಎಂದು ದೊಡ್ಡಸೊಸೆ ಒಮ್ಮೆ ಯಾರಿಗೋ ಹೇಳಿದ್ದಳು. ಅದು ಅತ್ತೆಯ ಕಿವಿಗೂ ಬಿದ್ದಿತ್ತು. "ಮೇಕಪ್ ಕರಗಿದ್ರೆ ಒಳಗಿರೋದು ಕಾಣಿಸುತ್ತಲ್ಲ, ಅದಕ್ಕೆ ಭಯ" ಎಂದು ಅತ್ತೆ ನನ್ನ ಹತ್ತಿರ ಅಂದಿದ್ದರು.

ಅತ್ತೆ ಸಂಗೀತ ಕಲಿತದ್ದು ಗುರುಗಳಿಂದಲ್ಲ, ಕೆಟ್ಟುಹೋದ ಪೆಟ್ಟಿಗೆಗಳಿಂದ. ಅವರ ಅಪ್ಪ ಹಾರ್ಮೋನಿಯಂ, ಪಿಯಾನೋ, ಆರ್ಗನ್ ರಿಪೇರಿ ಮಾಡುವವರು. ಅಪ್ಪ ಒಳಗೆ ಕೈ ಹಾಕಿ ಕೂರುವುದು, ಮಗಳು ಮೇಲೆ ಒಂದೊಂದೇ ಪಟ್ಟಿ ಒತ್ತುವುದು. ಕೆಲವು ಪಟ್ಟಿ ಸತ್ತಿರುತ್ತಿದ್ದವು. ಸತ್ತ ಪಟ್ಟಿ ಅಡ್ಡ ಬಂದರೆ ಟ್ಯೂನನ್ನು ಪಕ್ಕದ ದಾರಿಯಲ್ಲಿ ದಾಟಿಸಿಕೊಂಡು ಹೋಗುವುದು ಅವರಿಗೆ ಆಗಲೇ ರೂಢಿಯಾಯಿತು. ಬರೆದು ನುಡಿಸುವುದು ಕೊನೆಗೂ ಬರಲಿಲ್ಲ. ಗಂಡ ತೀರಿಕೊಂಡ ಮೇಲೆ ಮಗಳನ್ನು ಸಾಕಿದ್ದು, ಮದುವೆ ಮಾಡಿ ನನ್ನಂಥವನ ತಲೆಗೆ ಕಟ್ಟಿದ್ದು, ಎಲ್ಲ ಆ ಹತ್ತು ಬೆರಳಿನಿಂದ.

ಆರನೆಯ ವರ್ಷದ ಕೊನೆಗೆ ಟ್ಯೂನಿನಲ್ಲಿ ಆ ತಿರುವು ಕಾಣೆಯಾಯಿತು.

ನನಗೆ ಗೊತ್ತಾಗಲಿಲ್ಲ. ನನ್ನ ಕಿವಿಗೆ ಅಷ್ಟು ಓದು ಇಲ್ಲ. ಧ್ವನಿ ವಿಭಾಗದ ಮುಖ್ಯಸ್ಥ, ನಾವು ಕಿವಿಯಣ್ಣ ಎನ್ನುತ್ತಿದ್ದವನು, ಎರಡು ದಿನ ಅತ್ತೆಯ ಮುಖ ನೋಡಿ ಸುಮ್ಮನಾದ. ದೊಡ್ಡಸೊಸೆ ಹಾಗೆ ಸುಮ್ಮನಾಗುವವಳಲ್ಲ. ಒಂದು ಬುಧವಾರ ಕಾರ್ಯಕ್ರಮ ಮುಗಿದು ದೀಪ ಆರುತ್ತಿದ್ದಂತೆ ದೊಡ್ಡಸೊಸೆ ಕೈಯಲ್ಲಿದ್ದ ಕರವಸ್ತ್ರವನ್ನು ಮೇಜಿನ ಮೇಲೆ ಎಸೆದಳು.

"ನಾಲ್ಕು ದಿನದಿಂದ ನೋಡ್ತಿದ್ದೀನಿ. ಆ ತಿರುವು ಬರ್ಲಿ ಅಂತ ಕಣ್ಣೀರು ಹಿಡಿದಿಟ್ಕೊಂಡು ನಿಂತಿರ್ತೀನಿ. ಈಯಮ್ಮ ಅದನ್ನೇ ನುಂಗಿಬಿಡ್ತಾರೆ! ನನ್ನ ಅಳು ಗಂಟಲಲ್ಲೇ ಸಿಕ್ಕೊಳ್ಳುತ್ತೆ. ಬೇಕಂತಲೇ ಮಾಡ್ತಿದ್ದಾರೆ."

ಅತ್ತೆ ಆರ್ಗನ್ನಿನ ಮುಚ್ಚಳ ಹಾಕುತ್ತಿದ್ದರು. ತಲೆ ಎತ್ತಲಿಲ್ಲ. ಅವರು ಸುಮ್ಮನಿದ್ದದ್ದು ನನಗೆ ಸಹಿಸಲಾಗಲಿಲ್ಲ. ಸುತ್ತುತ್ತಿದ್ದ ಕೇಬಲ್ಲನ್ನು ದೊಪ್ಪನೆ ಕೆಳಗೆ ಹಾಕಿದೆ.

"ಆರು ವರ್ಷದಿಂದ ನೀವು ತಡ ಮಾಡಿದ್ದನ್ನೆಲ್ಲ ಅವರು ಮುಚ್ಚಿಹಾಕಿದ್ದಾರೆ. ಈಗ ನಿಮಗೆ ಅಳು ಬರದಿದ್ರೆ ಅದನ್ನೂ ಅವರೇ ಅಳ್ಬೇಕಾ?"

ನಿರ್ದೇಶಕರು ಕುತ್ತಿಗೆಯಲ್ಲಿ ಸದಾ ನಿಲುಗಡಿಯಾರ ನೇತುಹಾಕಿಕೊಂಡಿರುತ್ತಿದ್ದರಿಂದ ಅವರಿಗೆ ಗಡಿಯಾರಪ್ಪ ಎಂದು ಹೆಸರು. ಅವರು ನನ್ನ ಕಡೆ ಬೆರಳು ತೋರಿಸಿ, "ಏ ಕೇಬಲ್ಲು, ಹೊರಗೆ ನಡಿ" ಎಂದರು. ನಡೆದೆ.

ಬಸ್ಸಿನಲ್ಲಿ ಅತ್ತೆ ಎಂದಿನಂತೆ ಕಂಬಿ ಹಿಡಿದು ನಿಂತಿದ್ದರು. ಮೂರು ನಿಲ್ದಾಣ ದಾಟಿದ ಮೇಲೆ ಬಾಯಿ ಬಿಟ್ಟರು.

"ನಿನ್ನ ಯಾರಪ್ಪ ಕರೆದಿದ್ರು ಪಂಚಾಯ್ತಿಗೆ?"

"ನಿಮ್ಮ ಪರವಾಗಿ ಅಲ್ವಾ ಅತ್ತೆ ನಾನು..."

"ಅವಳು ಹೇಳಿದ್ದು ನಿಜ. ನುಂಗಿದ್ದೀನಿ."

ಬಲಗೈ ನನ್ನ ಮುಂದೆ ಹಿಡಿದರು. ಉಂಗುರದ ಬೆರಳು ಅರ್ಧ ಮಡಿಚಿಕೊಂಡಿತ್ತು. "ನೆಟ್ಟಗೆ ಮಾಡು ನೋಡೋಣ" ಎಂದರು. ನಾನು ಮುಟ್ಟಿದ ಕೂಡಲೇ ಹಲ್ಲು ಕಚ್ಚಿದರು. ತಿರುವಿನಲ್ಲಿ ಮೇಲಿನ ಸ್ವರ ಮುಟ್ಟಬೇಕಾದದ್ದು ಆ ಬೆರಳೇ. ಅದು ಏಳದಿದ್ದಾಗ ಚಿಕ್ಕಂದಿನ ರೂಢಿಯಂತೆ ಅತ್ತೆ ಪಕ್ಕದ ದಾರಿ ಹಿಡಿದು ದಾಟಿದ್ದರು. ಆಗ ಪಟ್ಟಿ ಸತ್ತಿರುತ್ತಿತ್ತು, ಈಗ ಬೆರಳು.

ಮರುದಿನ ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆವು. ಅವರು ಒಂದೊಂದೇ ಗೆಣ್ಣು ಒತ್ತಿ ನೋಡಿ, ಇನ್ನು ಕೆಲವು ತಿಂಗಳಲ್ಲಿ ಉಳಿದ ಬೆರಳುಗಳೂ ಇದೇ ದಾರಿ ಹಿಡಿಯುತ್ತವೆ ಎಂದರು. ಬಿಸಿನೀರಿನಲ್ಲಿ ಅದ್ದಿದರೆ ಸ್ವಲ್ಪ ಹೊತ್ತು ಸಡಿಲವಾಗುತ್ತದೆ, ಅಷ್ಟೇ. ಮನೆಗೆ ಬಂದು ಹೆಂಡತಿ ಅತ್ತಳು. ಅತ್ತೆ ಅಳಲಿಲ್ಲ. ಕೋಣೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಕೋಣೆಗೆ ತಿರುಗಿದರು. ತಿರುಗುತ್ತ ತಿರುಗುತ್ತ ಹೇಳಿದರು: "ಕೆಲಸ ಹೋದ್ರೆ ಹೋಗ್ಲಿ. ನೀವಿಬ್ಬರೂ ಗಂಜಿ ಹಾಕಲ್ವಾ? ಟ್ಯೂನು ಹೋಗ್ಬಾರದು. ಅದನ್ನ ಬರೆದಿಟ್ಟಿಲ್ಲ, ಯಾರಿಗೂ ಕಲಿಸಿಲ್ಲ. ನನ್ನ ಬೆರಳಲ್ಲೇ ಇದೆ. ಬೆರಳು ಮುಚ್ಚೋದ್ರೊಳಗೆ ತೆಗೀಬೇಕು."

ಆ ತಿಂಗಳು ಸ್ಟುಡಿಯೋಗೆ ಒಂದು ಟೇಪು ಯಂತ್ರ ಬಂದಿತ್ತು. ಟ್ರಂಕಿನಷ್ಟು ದೊಡ್ಡದು. ಅದನ್ನು ಕಂಡರೆ ವಾದ್ಯ ನುಡಿಸುವವರೆಲ್ಲ ಸುತ್ತುಹಾಕಿಕೊಂಡು ಹೋಗುತ್ತಿದ್ದರು, ಒಂದು ಸಲ ನುಡಿಸಿದ್ದನ್ನು ಹಿಡಿದಿಟ್ಟುಕೊಂಡು ಮನೆಗೆ ಕಳಿಸುತ್ತಾರೆ ಎಂದು. ಸೋಮವಾರ ಅತ್ತೆ ತಾವಾಗಿಯೇ ಗಡಿಯಾರಪ್ಪನವರ ಕೋಣೆಗೆ ಹೋಗಿ ಆ ಯಂತ್ರ ಕೇಳಿದರು. ಅವರಿಗೆ ನಂಬಲಾಗಲಿಲ್ಲ.

"ನೀವೇ ನಿಮ್ಮ ಕುರ್ಚಿ ಎಳೀತಿದ್ದೀರಲ್ಲಮ್ಮ?"

"ಕುರ್ಚಿ ನಿಮ್ಮದೇ, ಇಟ್ಕೊಳ್ಳಿ. ಟ್ಯೂನು ನನ್ನದು. ಅದನ್ನ ಸರಿಯಾಗಿ ಒಂದು ಸಲ ಹಿಡಿದುಬಿಡಿ."

"ಹಿಡೀತೀವಿ. ಆದ್ರೆ ಒಂದು ಮಾತು. ಇನ್ಮೇಲೆ ಎಳೆಯೋದು ಮಡಿಸೋದು ಇಲ್ಲ. ಟೇಪು ಯಾರ ಮುಖಾನೂ ನೋಡಲ್ಲ. ನಲವತ್ತೈದು ಸೆಕೆಂಡು. ಹೆಚ್ಚೂ ಬೇಡ, ಕಡಿಮೆನೂ ಬೇಡ."

ಗುರುವಾರ ಬೆಳಿಗ್ಗೆ ಎಂದು ನಿಶ್ಚಯವಾಯಿತು. ಮನೆಯಿಂದ ಹೊರಡುವಾಗಲೇ ಹೆಂಡತಿ ಥರ್ಮಾಸಿನಲ್ಲಿ ಬಿಸಿನೀರು ತುಂಬಿಕೊಂಡಳು. ನಾನು ಬೇಸಿನ್ ಹೊತ್ತುಕೊಂಡೆ. ಬಸ್ಸಿನಲ್ಲಿ ಒಬ್ಬರು, "ಹೆರಿಗೆಗೆ ಹೊರಟಿದ್ದೀರಾ?" ಎಂದರು. ಅತ್ತೆ, "ಹೂಂ, ನಂದೇ" ಎಂದರು.

ಖಾಲಿ ಸ್ಟುಡಿಯೋ ಎಂದರೆ ಗೋದಾಮು. ಸೆಟ್ಟಿನ ದೊಡ್ಡ ಮನೆಗೆ ಬೆಳಕಿಲ್ಲ, ಕುರ್ಚಿಗಳ ಮೇಲೆ ಮುಸುಕು. ಅತ್ತೆ ಕೈಯನ್ನು ನೀರಿನಲ್ಲಿ ಅದ್ದಿ ತೆಗೆದು ಒರೆಸಿಕೊಂಡು ಕೂತರು. ಕೆಂಪು ದೀಪ ಹತ್ತಿತು. ನುಡಿಸಿದರು. ಗಾಜಿನ ಕೋಣೆಯಿಂದ ಗಡಿಯಾರಪ್ಪನವರ ಧ್ವನಿ ಬಂತು: "ಮೂವತ್ತೆಂಟು."

ಮತ್ತೆ ಅದ್ದಿದರು. "ಐವತ್ತೆರಡು." ಮತ್ತೆ. ಈ ಸಲ ನಲವತ್ತೈದಕ್ಕೆ ಸರಿಯಾಗಿ ಮುಗಿಯಿತು. ಗಡಿಯಾರಪ್ಪ ಚಪ್ಪಾಳೆ ತಟ್ಟಿದರು. ಕಿವಿಯಣ್ಣ ಮಾತ್ರ ಬಾಗಿಲು ತೆರೆದು ತಲೆ ಹೊರಹಾಕಿ, "ಅಮ್ಮ, ತಿರುವು ಬರ್ಲಿಲ್ಲ" ಎಂದ.

"ಗೊತ್ತು. ಬೆರಳು ಎದ್ದಿತ್ತು, ನಾನೇ ಹೋಗ್ಲಿಲ್ಲ." ಅತ್ತೆ ಎದ್ದು ಆರ್ಗನ್ನಿಗೆ ಒಂದು ಸುತ್ತು ಬಂದರು. ನನ್ನ ಕಡೆ ತಿರುಗಿ ಬೈದರು: "ಯಾರ ಮುಖ ನೋಡಿಕೊಂಡು ನುಡಿಸ್ಲಿ ನಾನು? ಆ ಮುಸುಕು ಹಾಕಿದ ಕುರ್ಚಿಯದ್ದಾ?"

ಥರ್ಮಾಸಿನಲ್ಲಿ ಇನ್ನೊಂದು ಸಲಕ್ಕೆ ಆಗುವಷ್ಟು ನೀರಿತ್ತು. ಬೆರಳ ಗೆಣ್ಣು ಆಗಲೇ ಕೆಂಪಾಗಿ ಊದಿಕೊಂಡಿತ್ತು. ಯಾರನ್ನು ಕರೆಯಬೇಕು ಎಂದು ನನಗೆ ಗೊತ್ತಿತ್ತು. ಅದೇ ನನಗೆ ಬೇಡವಾಗಿತ್ತು. ಹೋದ ವಾರವಷ್ಟೇ ಎಲ್ಲರೆದುರು ಬಾಯಿಗೆ ಬಂದಂತೆ ಅಂದಿದ್ದೆ. ಹೋಗಿ ಮೇಕಪ್ ಕೋಣೆಯ ಬಾಗಿಲು ತಟ್ಟಿದೆ. ದೊಡ್ಡಸೊಸೆ ಅರ್ಧ ಮುಖಕ್ಕೆ ಬಣ್ಣ ಹಚ್ಚಿಕೊಂಡು ಕೂತಿದ್ದಳು. ಕನ್ನಡಿಯಲ್ಲೇ ನನ್ನನ್ನು ನೋಡಿದಳು.

"ಓಹೋ, ಕೇಬಲ್ಲಪ್ಪನವರು. ಇವತ್ತು ಏನು ಬೈಯೋಕೆ ಬಂದಿದ್ದೀರಿ?"

"ಬೈಯೋಕಲ್ಲ. ನೀವು ಬಂದು ಒಂದು ನಿಮಿಷ ನಿಂತ್ಕೊಳ್ಳಿ, ಸಾಕು." ಬೆರಳಿನ ವಿಷಯ ಹೇಳಿದೆ. ನಾಲ್ಕು ಮಾತಿನಲ್ಲಿ ಮುಗಿಸಿದೆ.

ಅವಳು ಅರ್ಧ ಬಣ್ಣದ ಮುಖದಲ್ಲೇ ಎದ್ದು ಬಂದಳು. ಕುರ್ಚಿಯ ಮುಸುಕು ಕಿತ್ತು ಎಸೆದು, ದಿನವೂ ನಿಲ್ಲುವ ಜಾಗದಲ್ಲಿ ನಿಂತಳು. ಅತ್ತೆಗೆ ನಮಸ್ಕಾರವಿಲ್ಲ, ಮಾತಿಲ್ಲ. ಅತ್ತೆ ಕೈ ಅದ್ದಿಕೊಂಡರು. ದೀಪ ಹತ್ತಿತು. ದೊಡ್ಡಸೊಸೆ ಹಿಂದಿನ ದಿನದ ಕೊನೆಯ ಮಾತನ್ನು ಹೇಳಿ, ಮುಖ ಎತ್ತಿ ಸುಮ್ಮನಾದಳು. ಅತ್ತೆ ಹಲಗೆಯ ಸಂದಿನಿಂದ ನೋಡಿದರು. ಮೂರು ಮೆಟ್ಟಿಲು ಹತ್ತಿದರು. ಇಳಿಯಲು ಹೊರಟು, ತಿರುಗಿದರು. ಬೆರಳು ಎದ್ದಿತು, ಮೇಲಿನ ಸ್ವರ ಮುಟ್ಟಿತು, ಮುಟ್ಟಿ ಅಲ್ಲೇ ನಿಂತಿತು. ದೊಡ್ಡಸೊಸೆಯ ಕಣ್ಣಿನಿಂದ ಹನಿ ಉರುಳಿ ಬಣ್ಣವಿಲ್ಲದ ಕೆನ್ನೆಯ ಮೇಲೆ ಇಳಿಯುವ ತನಕ ನಿಂತಿತ್ತು. ಆಮೇಲೆ ಇಳಿಯಿತು.

ಗಾಜಿನ ಕೋಣೆಯಿಂದ ಗಡಿಯಾರಪ್ಪ, ಬೇಸರದಲ್ಲಿ, "ನಲವತ್ತೊಂಬತ್ತು" ಎಂದರು.

ಅತ್ತೆ ಇನ್ನೊಮ್ಮೆ ಕೈ ಚಾಚಿದರು. ಬೆರಳು ಮಡಿಚಿಕೊಂಡಿತ್ತು, ಎಳೆದರೂ ಬರಲಿಲ್ಲ. ನನ್ನ ಹೆಂಡತಿ ಬಂದು ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಮುಚ್ಚಿಕೊಂಡಳು.

ಗಡಿಯಾರಪ್ಪ ಕೆಟ್ಟವರಲ್ಲ. ಹೊರಗೆ ಬಂದು ಸಮಾಧಾನವಾಗಿಯೇ ಹೇಳಿದರು. "ಒಳ್ಳೇದು ಬಂದಿದೆ. ನಾಲ್ಕು ಸೆಕೆಂಡು ತಾನೇ? ಕೊನೇಲಿ ಕತ್ತರಿಸಿಬಿಡೋಣ."

"ಕೊನೇಲಿ ಕತ್ತರಿಸಿದ್ರೆ ಇಳಿಯೋದೇ ಇಲ್ಲ, ಮೇಲೇ ನೇತಾಡ್ತಿರುತ್ತೆ" ಎಂದರು ಅತ್ತೆ.

"ಹಾಗಾದ್ರೆ ನಡುವೆ."

ಕಿವಿಯಣ್ಣ ಎಂದೂ ಮೇಲಿನವರಿಗೆ ಎದುರಾಡಿದವನಲ್ಲ. ಅಂದು ಅವನೇ, "ಸಾರ್, ಆ ತಿರುವಿಗೆ ಬ್ಲೇಡು ಹಾಕಿದ್ರೆ ಮುಖದಿಂದ ಮೂಗು ಕುಯ್ದ ಹಾಗೆ. ನನ್ನ ಕೈಯಲ್ಲಿ ಆಗಲ್ಲ" ಎಂದ.

"ಮತ್ತೆ ನಾನೇನು ಮಾಡ್ಲಿ ಹೇಳ್ರಪ್ಪ? ಸೋಪಿನೋರಿಗೆ ಹೇಳ್ಲಾ, ನಾಲ್ಕು ಸೆಕೆಂಡು ತಡವಾಗಿ ಒಗೀರಿ ಅಂತ? ಟೇಪು ಉದ್ದ ಆದ್ರೆ ನಾಟಕ ಗಿಡ್ಡ ಆಗ್ಬೇಕು. ದಿನಾ ನಾಲ್ಕು ಸೆಕೆಂಡು ಬೇಗ ಮುಗಿಸ್ಬೇಕು. ಯಾರು ಮುಗಿಸ್ತಾರೆ?"

ಎಲ್ಲರಿಗೂ ಗೊತ್ತಿತ್ತು, ಆ ನಾಟಕದಲ್ಲಿ ಹೊತ್ತು ಹೆಚ್ಚಾಗಿ ನುಂಗುವವರು ಯಾರೆಂದು. ನಾನು ತುಟಿ ಕಚ್ಚಿಕೊಂಡು ನಿಂತೆ. ಜೀವನದಲ್ಲಿ ನಾನು ಬಾಯಿ ಮುಚ್ಚಿಕೊಂಡಿದ್ದು ಎಣಿಸಿ ಮೂರು ಸಲ, ಅದರಲ್ಲಿ ಇದೊಂದು.

"ನಾನು ಕೊಡ್ತೀನಿ" ಎಂದಳು ದೊಡ್ಡಸೊಸೆ. ಕೆನ್ನೆ ಒರೆಸಿಕೊಳ್ಳುತ್ತಿದ್ದಳು. "ಆರು ವರ್ಷ ಈಯಮ್ಮ ನನ್ನ ಮುಖ ನೋಡ್ಕೊಂಡು ಕಾದಿದ್ದಾರೆ. ನಾಲ್ಕು ಸೆಕೆಂಡು ನಂದರಲ್ಲಿ ತಗೊಳ್ಳಿ. ಟೇಪಿಗೆ ಬ್ಲೇಡು ಹಾಕಿದ್ರೆ ಮಾತ್ರ ಇನ್ನೊಬ್ಬ ಸೊಸೇನ ಹುಡುಕ್ಕೊಳ್ಳಿ."

ಅತ್ತೆ ಅವಳನ್ನು ನೋಡಿದರು. "ನಿಂಗೆ ಆಗಲ್ಲ ಬಿಡು" ಎಂದರು.

"ನೋಡ್ತಿರಿ" ಎಂದಳು ಅವಳು.

ಮುಂದಿನ ಸೋಮವಾರದಿಂದ ಟೇಪು ಹಾಕುವುದೆಂದಾಯಿತು. ಆರ್ಗನ್ನನ್ನು ಗೋಡೆಗೆ ತಳ್ಳಿ ಬಟ್ಟೆ ಹೊದಿಸಿದರು. ಸೋಮವಾರ ಅತ್ತೆ ಮನೆಯಲ್ಲಿ, ನಾನು ಕೇಬಲ್ಲಿನ ಹಿಂದೆ. ದೊಡ್ಡಸೊಸೆ ಕೊಟ್ಟ ಮಾತು ಉಳಿಸಿಕೊಂಡಳು. ಕೊನೆಯ ಮಾತಿಗೆ ಮುಂಚೆ ಒಂದಿಷ್ಟೂ ನಿಲ್ಲದೆ ಸರಸರನೆ ಒಪ್ಪಿಸಿದಳು. ಟೇಪು ತಿರುಗಿತು. ನಲವತ್ತೊಂಬತ್ತು ಸೆಕೆಂಡು ಪೂರ್ತಿಯಾಗಿ ಹೋಗಿ ಸೋಪಿಗೆ ಸರಿಯಾಗಿ ತಾಗಿತು. ಗಡಿಯಾರಪ್ಪ ಹೆಬ್ಬೆರಳು ಎತ್ತಿ ತೋರಿಸಿದರು. ಸಂಜೆ ಎರಡೆರಡು ಮೆಟ್ಟಿಲು ಹಾರುತ್ತ ಮನೆಗೆ ಬಂದೆ.

ಅತ್ತೆ ಬಾಗಿಲಲ್ಲೇ ನಿಂತಿದ್ದರು. ಮುಖ ಕೆಂಡವಾಗಿತ್ತು.

"ಕೇಳಿದ್ರಾ ಅತ್ತೆ? ತಿರುವು ಎಷ್ಟು ಚೆನ್ನಾಗಿ..."

"ತಿರುವು ಬಿಡು. ಅವಳು ಯಾಕೆ ರೈಲು ಹಿಡಿಯೋಳ ಹಾಗೆ ಮಾತಾಡಿದ್ಲು? ಅವಳು ಸುಮ್ಮನೆ ನಿಲ್ಲದಿದ್ರೆ ನನ್ನ ಟ್ಯೂನು ಯಾತಕ್ಕೆ ತಿರುಗಿ ನೋಡ್ಬೇಕು? ಅಲ್ಲಿ ನೋಡೋಕೆ ಏನಿದೆ?"

ಹೆಂಡತಿ ಒಳಗಿನಿಂದ, "ಮೂರೂಮುಕ್ಕಾಲಿಂದ ಇದೇ ಜಪ. ಒಂದು ತೊಟ್ಟು ಚಹಾನೂ ಕುಡಿದಿಲ್ಲ" ಎಂದಳು. ಬೆಳಗಾಗುವುದನ್ನೇ ಕಾಯುತ್ತ ಅತ್ತೆ ಚಪ್ಪಲಿ ಮೆಟ್ಟಿಕೊಂಡೇ ತಿರುಗಿದರು ಎನ್ನಬೇಕು.

ಮಂಗಳವಾರ ನನಗಿಂತ ಮುಂಚೆ ಸ್ಟುಡಿಯೋ ಬಾಗಿಲಲ್ಲಿದ್ದರು. ನೇರವಾಗಿ ಮೇಕಪ್ ಕೋಣೆಗೆ ನುಗ್ಗಿದರು. ಜಗಳವೇ ಆಗುತ್ತದೆಂದು ನಾನೂ ಹಿಂದೆ ಓಡಿದೆ.

"ಮಾತಲ್ಲಿ ಉಳಿಸ್ಬೇಡ ಕಣೇ" ಎನ್ನುತ್ತಿದ್ದರು ಅತ್ತೆ. "ಸುಮ್ಮನಿರೋದ್ರಲ್ಲಂತೂ ಉಳಿಸಲೇಬೇಡ. ನಡಿಗೇಲಿ ಉಳಿಸು. ಕಿಟಕಿ ಹತ್ರದಿಂದ ಮೇಜಿನ ತನಕ ಒಂಬತ್ತು ಹೆಜ್ಜೆ ಇಡ್ತೀಯ. ಐದು ಸಾಕು."

"ಐದರಲ್ಲಿ ಓಡಿದ ಹಾಗೆ ಕಾಣುತ್ತೆ. ದೊಡ್ಡ ಮನೆ ಸೊಸೆ ನಾನು."

"ಹಾಗಾದ್ರೆ ಮೇಜೇ ನಿನ್ನ ಹತ್ರ ಬರ್ಲಿ. ಏ ಅಳಿಯ, ಏನು ಬಾಯಿ ಬಿಟ್ಕೊಂಡು ನೋಡ್ತೀಯ? ಬಾ, ತಳ್ಳು."

ಮೂವರೂ ಸೆಟ್ಟಿಗೆ ಹೋದೆವು, ಮೇಜು ತಳ್ಳಿದೆ. ದೊಡ್ಡಸೊಸೆ ನಡೆದಳು. "ಇನ್ನೂ" ಎಂದರು ಅತ್ತೆ. ಮತ್ತೆ ತಳ್ಳಿದೆ. ಅತ್ತೆ ಗಡಿಯಾರಪ್ಪನವರ ಕುತ್ತಿಗೆಯಿಂದ ಗಡಿಯಾರವನ್ನೇ ಬಿಚ್ಚಿಸಿಕೊಂಡು ತಮ್ಮ ಕೈಯಲ್ಲಿ ಹಿಡಿದಿದ್ದರು. ಅರ್ಧ ಗಂಟೆ ಅವಳು ನಡೆಯುವುದು, ಇವರು ಎಣಿಸುವುದು, ನಾನು ಬೆವರುವುದು. ಕೊನೆಗೆ ನೆಲಕ್ಕೆ ಸೀಮೆಸುಣ್ಣದ ಕಡ್ಡಿಯಲ್ಲಿ ಗುರುತು ಹಾಕಿದರು.

ಮೂರೂವರೆಗೆ ಅತ್ತೆ ಮೊದಲು ಆರ್ಗನ್ ಇದ್ದ ಮೂಲೆಯಲ್ಲಿ ಗೋಡೆಗೆ ಒರಗಿ ನಿಂತರು. ಕೊನೆಯ ದೃಶ್ಯ ಬಂತು. ದೊಡ್ಡಸೊಸೆ ಕಿಟಕಿ ಬಿಟ್ಟು ಹೊರಟಳು. ಎಲ್ಲರೂ ಅವಳ ಮುಖ ನೋಡುತ್ತಿದ್ದರೆ ಅತ್ತೆಯ ಕಣ್ಣು ಅವಳ ಪಾದದ ಮೇಲಿತ್ತು, ತುಟಿ ಎಣಿಸುತ್ತಿತ್ತು. ಐದನೆಯ ಹೆಜ್ಜೆ ಸುಣ್ಣದ ಗುರುತಿನ ಮೇಲೆ ಬಿತ್ತು. ಅವಳು ನಿಂತಳು, ಮುಖ ಎತ್ತಿದಳು. ಆಮೇಲೆ ತನಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಸುಮ್ಮನಿದ್ದಳು.